ಅವ್ವನ ಪಾಳಿ: ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡು

ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗಾಗಿ ಕೂತಾಗ ಬೆಳಿಗ್ಗೆ ಎಂಟೂವರೆ. ಯುಗಾದಿ ಮುಗಿದು ಮೂರೇ ದಿನವಾಗಿತ್ತು, ಬಿಸಿಲು ಆಗಲೇ ಕಲ್ಲುಬೆಂಚನ್ನು ಕಾಯಿಸಿತ್ತು. ಪಕ್ಕದಲ್ಲಿ ಎಂಬತ್ತೆರಡು ವರ್ಷದ ನನ್ನ ಅವ್ವ, ಅವಳ ತೊಡೆಯ ಮೇಲೆ ಅವಳ ನೀಲಿ ಚೀಲ. ನನ್ನ ಕಿರಿಯ ತಮ್ಮ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಕಾರ್ಖಾನೆ ಇಟ್ಟಿದ್ದಾನೆ. ಅಲ್ಲಿ ಉಳಿದ ತುಂಡುಗಳಿಂದ ಹೊಲಿದ ಚೀಲ ಅದು. ಬಹಳ ಗಟ್ಟಿ. ಎಂಟು ವರ್ಷದಿಂದ ಊರೂರು ತಿರುಗಿದರೂ ಹರಿದಿಲ್ಲ.

ಊರೂರು ತಿರುಗಿಸಿದವಳು ನಾನೇ. ಅಪ್ಪ ತೀರಿಕೊಂಡಾಗ ಅವ್ವ ಎಲ್ಲಿರಬೇಕು ಎಂಬ ಮಾತು ಬಂತು. ಮೂವರು ತಮ್ಮಂದಿರು, ಮೂರು ಊರು. ನಾನು ಹಿರಿಯಳು, ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಸಮನಾಗಿ ಉಪ್ಪಿಟ್ಟು ಹಂಚಿದವಳು. ಹಂಚುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಮೂರು ಕ್ಯಾಲೆಂಡರು ತರಿಸಿ, ಕೆಂಪು ಪೆನ್ನಿನಿಂದ ಗೆರೆ ಎಳೆದು, ಒಂದೊಂದು ಮನೆಗೆ ನಾಲ್ಕು ನಾಲ್ಕು ತಿಂಗಳು ಪಾಳಿ ಹಾಕಿಬಿಟ್ಟೆ. ನಮ್ಮ ಕಡೆ ಇದೇನು ಹೊಸದಲ್ಲ, ಗಂಡುಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಹೀಗೇ. ಅವ್ವ ಮಗಳ ಮನೆಯಲ್ಲಿ ಇರಬಾರದೆಂಬುದೂ ಅದೇ ರೂಢಿ, ಹಾಗಾಗಿ ಬಳ್ಳಾರಿಯಲ್ಲೇ ಇದ್ದರೂ ನನ್ನ ಹೆಸರು ಕ್ಯಾಲೆಂಡರಿನಲ್ಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ದು ಬಿಡುವ ಕೆಲಸ ಮಾತ್ರ ನನ್ನದು.

ಈ ಸಲ ಹೊರಟಾಗ ಮಾತ್ರ ಮನಸ್ಸು ಸರಿಯಿರಲಿಲ್ಲ. ಬಳ್ಳಾರಿಯ ಮನೆಯಲ್ಲಿ ಅವ್ವನಿಗೆ ಬೇರೆ ಕೋಣೆ, ಮಂಚ, ಟಿವಿ, ಫ್ಯಾನು ಎಲ್ಲ ಇದ್ದವು. ಆದರೂ ನಾಲ್ಕು ತಿಂಗಳಲ್ಲಿ ಅವಳ ಮಾತು ನಿಂತುಹೋಗಿತ್ತು. ಊಟ ಅರ್ಧಕ್ಕೆ ಬಿಡುತ್ತಿದ್ದಳು. ಡಾಕ್ಟರಮ್ಮನ ಬಳಿ ಕರೆದೊಯ್ದೆ. ಆಕೆ ಬಹಳ ಹೊತ್ತು ಅವ್ವನ ಕೈ ಹಿಡಿದು ಕೂತು, ‘ಮನಸ್ಸು ಕುಗ್ಗೈತಿರಿ. ಇದೂ ಒಂದು ಬ್ಯಾನಿನೇ. ಗುಳಿಗಿ ಕೊಡ್ತೀನಿ, ಬಿಡಸಬ್ಯಾಡ್ರಿ. ಆದ್ರ ಹಿಂಗ ಮನಿಯಿಂದ ಮನಿಗೆ ಅಡ್ಡಾಡ್ಸೋದು ಕಮ್ಮಿ ಮಾಡ್ರಿ’ ಅಂದರು.

ನಾನು ತಕ್ಷಣ ಲೆಕ್ಕ ಹಾಕಿದೆ. ಮೂರು ಮನೆಯಲ್ಲಿ ಒಂದನ್ನು ಬಿಡಬೇಕು. ಯಾವುದನ್ನು ಬಿಡುವುದು? ಅದರಲ್ಲಿ ಯೋಚಿಸುವುದೇನಿತ್ತು, ಸಿರುಗುಪ್ಪದ್ದನ್ನು! ಅಲ್ಲಿ ಎರಡೇ ಕೋಣೆ, ಮೇಲೆ ತಗಡು, ಪಕ್ಕದಲ್ಲಿ ಅಕ್ಕಿ ಗಿರಣಿಯ ಧೂಳು. ಅದಕ್ಕಿಂತ ಹೆಚ್ಚಾಗಿ ಅಲ್ಲಿಯ ಸೊಸೆ ಹುಲಿಗೆಮ್ಮನ ಬಾಯಿ. ಬಳ್ಳಾರಿ ಆರು ತಿಂಗಳು, ಕುರುಗೋಡು ಆರು ತಿಂಗಳು ಎಂದು ಗೊತ್ತು ಮಾಡಿದೆ. ಮೊದಲು ಸಿರುಗುಪ್ಪಕ್ಕೆ ಹೋಗಿ ವಿಷಯ ಹೇಳಿ, ಅಲ್ಲಿಟ್ಟಿದ್ದ ಅವ್ವನ ಟ್ರಂಕು ಎತ್ತಿಕೊಂಡು, ಮರುದಿನ ಕುರುಗೋಡಿಗೆ ಒಯ್ದು ಬಿಡುವುದು. ಅವ್ವನಿಗೆ ಹೇಳಿದೆ. ಅವಳು ‘ಹ್ಞೂಂ’ ಅಂದಳು.

ಬಸ್ಸು ಒಂಬತ್ತಕ್ಕೆ ಬಂತು. ಇಬ್ಬರೂ ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರು ಎರಡು ಸೊನ್ನೆ ಟಿಕೆಟು ಹರಿದುಕೊಟ್ಟ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ಕಷ್ಟ. ಒಬ್ಬ ಹುಡುಗಿ ಎದ್ದು ಅವ್ವನಿಗೆ ಜಾಗ ಕೊಟ್ಟಳು, ನಾನು ತೆಕ್ಕಲಕೋಟೆಯವರೆಗೆ ನಿಂತೇ ಬಂದೆ. ಅರವತ್ತಮೂರು ವರ್ಷದ ಮೊಣಕಾಲು, ಯಾರಿಗೆ ಹೇಳಲಿ? ಕಾಲುವೆ ನೀರಿನ ಸೀಮೆ ಶುರುವಾದ ಮೇಲೆ ಎರಡೂ ಕಡೆ ಹಸಿರು ಭತ್ತ, ಬೆಳ್ಳಕ್ಕಿ, ನಡುವೆ ಟ್ರ್ಯಾಕ್ಟರು. ‘ಅವ್ವಾ, ನೋಡಿಲ್ಲಿ, ತೆನಿ ಬಿಟ್ಟೈತಿ’ ಅಂದೆ. ಅವಳು ನೋಡಲಿಲ್ಲ. ಐವತ್ತೈದು ಕಿಲೋಮೀಟರಿಗೆ ಎರಡು ತಾಸು ಹಿಡಿಯಿತು.

ಹುಲಿಗೆಮ್ಮ ಖಾನಾವಳಿಗಳಿಗೆ ಖಡಕ್ ರೊಟ್ಟಿ, ಬೆಳ್ಳುಳ್ಳಿ ಚಟ್ನಿಪುಡಿ ಮಾಡಿ ಕೊಡುತ್ತಾಳೆ. ಅವಳ ಗಂಡ, ನನ್ನ ನಡುವಿನ ತಮ್ಮ, ಗಿರಣಿಯಲ್ಲಿ ಹಮಾಲಿ. ಆಕೆ ಅವ್ವನ ಸ್ವಂತ ತಮ್ಮನ ಮಗಳು, ಹಾಗಾಗಿ ಅತ್ತೆ ಎಂಬ ಭಯವೂ ಇಲ್ಲ, ನಾಚಿಕೆಯೂ ಇಲ್ಲ. ನಾವು ಹೊಸಿಲು ದಾಟುವ ಮೊದಲೇ ಒಲೆಯ ಮುಂದಿನಿಂದ ಶುರುಮಾಡಿದಳು.

‘ಬಂದ್ಯಾ ಅತ್ತಿ? ಏನಿದು, ಸೊರಗಿ ಹಂಚಿಕಡ್ಡಿ ಆಗೀ! ಬಳ್ಳಾರ್ಯಾಗ ಉಣ್ಣಾಕ ಇಕ್ಕಿಲ್ಲೇನು? ಕುಂದುರು. ಈ ಬೆಳ್ಳುಳ್ಳಿ ಬುಟ್ಟಿ ನೋಡು, ನಿನ್ನ ದಾರಿ ಕಾದು ಕಾದು ಮೊಳಕಿ ಒಡದೈತಿ.’

ಅವ್ವ ಕಾಲು ತೊಳೆದು ಬಂದವಳೇ ಬುಟ್ಟಿ ಎಳೆದುಕೊಂಡಳು. ನನಗೆ ಮೈ ಉರಿಯಿತು. ‘ಲೇ ಹುಲಿಗೀ, ಈಗಿನ್ನ ಬಸ್ ಇಳಿದು ಬಂದಾಳ, ಒಂದೀಟು ನೀರರ ಕೊಡು’ ಅಂದೆ. ‘ಕೊಡದೊಳಗ ನೀರೈತಿ ಯಕ್ಕಾ, ಆಕಿಗೇ ಗೊತ್ತು’ ಅಂದು ರೊಟ್ಟಿ ಬಡಿಯತೊಡಗಿದಳು. ಸೊಸೆಯಂತೆ ಸೊಸೆ!

ಮಧ್ಯಾಹ್ನ ಪಕ್ಕದ ಮನೆಯ ಖಾದರಬಿ ಬಂದಳು. ಹೆಚ್ಚುಕಡಿಮೆ ಅವ್ವನದೇ ವಯಸ್ಸು. ಅವಳೂ ಬುಟ್ಟಿಯ ಇನ್ನೊಂದು ಬದಿಗೆ ಕೂತಳು. ‘ಏನವ್ವಾ, ಸಿಪ್ಪಿಯೊಳಗ ಅರ್ಧ ಬೆಳ್ಳುಳ್ಳಿ ಬಿಡ್ತೀಯಲ್ಲ, ಕಣ್ಣು ಹೋದವೇನು?’ ಅಂದಳು. ಅವ್ವ ಥಟ್ಟನೆ, ‘ನನ್ನ ಕಣ್ಣು ನೆಟ್ಟಗದಾವು. ನೀ ಮಾತಾಡೋದು ಕಮ್ಮಿ ಮಾಡಿ ಕೈ ಆಡಸು’ ಅಂದಳು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಅಷ್ಟುದ್ದ ಮಾತು ಕೇಳಿದ್ದು ಅದೇ ಮೊದಲು. ರಾತ್ರಿ ಊಟಕ್ಕೆ ಒಂದೂವರೆ ರೊಟ್ಟಿ ಉಂಡಳು. ದಾರಿಯ ಹಸಿವು ಇರಬೇಕು ಅಂದುಕೊಂಡೆ. ಎದುರಿಗೇ ಇದ್ದದ್ದು ನನಗೆ ಕಾಣಲಿಲ್ಲ.

ಬೆಳಿಗ್ಗೆ ಮಂಡಾಳು ಒಗ್ಗರಣೆ ತಿನ್ನುತ್ತ ಹುಲಿಗೆಮ್ಮನಿಗೆ ವಿಷಯ ಹೇಳಿದೆ. ಇನ್ನು ಮುಂದೆ ಅವ್ವನ ಪಾಳಿ ಇಲ್ಲಿ ಇಲ್ಲ ಅಂದೆ. ಜಗಳಕ್ಕೆ ಸೆರಗು ಬಿಗಿದೇ ಹೇಳಿದ್ದೆ. ಆಕೆ ಜಗಳ ಆಡಲಿಲ್ಲ. ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು.

‘ಬಯ್ತೀನಂತ ಕರ್ಕೊಂಡು ಹೊಂಟೀಯೇನು ಯಕ್ಕಾ? ನನ್ನ ಬಾಯಿನೇ ಹಂಗ, ಎಲ್ಲಾರಿಗೂ ಬಯ್ತೀನಿ. ಆಕೀನೂ ನನಗ ಬಯ್ತಾಳ.’ ಕೈಯ ಹಿಟ್ಟು ಕೊಡವಿ, ‘ಹೋಗ್ಲಿ ಬಿಡು, ಅಲ್ಲಿ ಮಂಚರ ಐತಿ’ ಅಂದು ಒಳಗೆ ಹೋದಳು.

ಅವ್ವ ಗೂಟಕ್ಕೆ ತೂಗುಹಾಕಿದ್ದ ಚೀಲ ಇಳಿಸಿಕೊಂಡು ಸೀರೆ ತುಂಬತೊಡಗಿದಳು. ಹಿಂದಿನ ದಿನ ಅದನ್ನು ಯಾವಾಗ ಬಿಚ್ಚಿ ಖಾಲಿ ಮಾಡಿದ್ದಳೋ ನಾನು ನೋಡಿರಲಿಲ್ಲ.

ಕುರುಗೋಡಿಗೆ ನೇರ ಬಸ್ಸು ಆಗಷ್ಟೇ ಹೋಗಿತ್ತು. ತೆಕ್ಕಲಕೋಟೆಗೆ ಬಂದು, ಅಲ್ಲಿ ಮುಕ್ಕಾಲು ತಾಸು ಕಾದು, ಇನ್ನೊಂದು ಬಸ್ಸು ಹಿಡಿದೆವು. ಟ್ರಂಕು ಎತ್ತಿ ಇಳಿಸುವುದರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಊರು ಹತ್ತಿರವಾದಂತೆ ಭತ್ತ ಹಿಂದೆ ಸರಿದು ಬಂಡೆಗುಡ್ಡ ಎದ್ದಿತು. ಬಂಡೆಯ ಕಾವು ಬಸ್ಸಿನೊಳಗೂ ಬಡಿಯುತ್ತಿತ್ತು. ಆಟೋದವನು ಮನೆಯ ಬಾಗಿಲವರೆಗೆ ಐವತ್ತು ರೂಪಾಯಿ ತೆಗೆದುಕೊಂಡ.

ಅಲ್ಲಿರುವವನು ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಬಸವರಾಜ, ಸಾಲಿ ಮಾಸ್ತರ. ದೊಡ್ಡ ಮನೆ, ಹೊಳೆಯುವ ನೆಲ. ಗಂಡ, ಹೆಂಡತಿ, ಮಕ್ಕಳು ಸಾಲಾಗಿ ಬಂದು ಅವ್ವನ ಕಾಲು ಮುಟ್ಟಿದರು. ಹಾಸಿಗೆಯ ಮೇಲೆ ಒಗೆದ ಚಾದರ, ತಲೆಯ ಬಳಿ ನೀರಿನ ತಂಬಿಗೆ. ಇದು ಮನೆ ಅಂದರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವ್ವ ಮಂಚದ ಅಂಚಿಗೆ ಕೂತು ಚೀಲವನ್ನು ಪಕ್ಕದಲ್ಲಿಟ್ಟುಕೊಂಡಳು.

ಸಂಜೆ ತಮ್ಮನ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ಅವ್ವ ಎದ್ದು ಹೋಗಿ ಕೈ ಚಾಚಿದಳು. ‘ಅಯ್ಯೋ, ನೀವ್ಯಾಕ್ರೀ ಅತ್ತಿ? ನೋಡಿದವರು ಏನಂದಾರು? ಸುಮ್ಮ ಕುಂದುರ್ರಿ’ ಎಂದು ಆಕೆ ಬಹಳ ಪ್ರೀತಿಯಿಂದಲೇ ತಟ್ಟೆ ಸರಿಸಿದಳು. ಅವ್ವನ ಕೈ ಒಂದು ಕ್ಷಣ ಅಲ್ಲೇ ಉಳಿಯಿತು. ಆಮೇಲೆ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಊಟಕ್ಕೆ ಕರೆದರೆ ‘ಹಸಿವಿಲ್ಲ’ ಅಂದಳು. ನಾಲ್ಕು ತುತ್ತು ಉಂಡು ಎದ್ದಳು.

ನಾನು ಮಂಚದ ಬಳಿ ಹೋಗಿ ಚೀಲವನ್ನು ನೋಡಿದೆ. ಸಿರುಗುಪ್ಪದ ಗೂಟ ನೆನಪಾಯಿತು. ಇಲ್ಲಿ ಚೀಲದ ಗಂಟು ಬಿಚ್ಚಿರಲಿಲ್ಲ. ಬಳ್ಳಾರಿಯಲ್ಲೂ ಮಂಚದ ಕೆಳಗೆ ಅದು ನಾಲ್ಕು ತಿಂಗಳು ತುಂಬಿಕೊಂಡೇ ಇತ್ತು, ದಿನಾ ಒಂದು ಸೀರೆ ತೆಗೆಯುವುದು, ಒಗೆದದ್ದನ್ನು ಅದರೊಳಗೇ ತುರುಕುವುದು. ಎಷ್ಟು ಸಲ ನೋಡಿದ್ದೆ!

ಮರುದಿನ ಬೆಳಿಗ್ಗೆ ದೊಡ್ಡಬಸವಣ್ಣನ ಗುಡಿಗೆ ಕರೆದುಕೊಂಡು ಹೋದೆ. ಅಷ್ಟೆತ್ತರದ ಬಸವಣ್ಣನ ಮುಂದೆ ಕಾಯಿ ಒಡೆಸಿ, ಹೊರಗೆ ಕಂಬದ ನೆರಳಿನಲ್ಲಿ ಕೂತೆವು. ಎಂಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದೆ.

‘ಅವ್ವಾ, ನಿನಗ ಎಲ್ಲಿ ಇರಬೇಕಂತೈತಿ?’

ಅವಳು ನನ್ನ ಮುಖವನ್ನೇ ನೋಡಿದಳು. ‘ಎಲ್ಲಾ ಬರದು ಇಟ್ಟೀಯಲ್ಲ, ಮತ್ತ್ಯಾಕ ಕೇಳ್ತಿ?’

‘ಬರದದ್ದು ತಪ್ಪಾಗೈತಿ. ಹೇಳು.’

ಕೈಯಲ್ಲಿದ್ದ ಕಾಯಿಯ ಚೂರನ್ನು ಸೆರಗಿನ ಅಂಚಿಗೆ ಕಟ್ಟಿಕೊಂಡಳು. ‘ಇಲ್ಲಿ ನನಗ ಕೈ ಮುಗೀತಾರ. ಬಂಗಾರದಂಥಾ ಮಂದಿ. ಆದ್ರ ಕೈ ಮುಗಿಸ್ಕೊಂಡು ಎಷ್ಟ್ ದಿನ ಕುಂದ್ರಲಿ ನಾ? ಬಳ್ಳಾರ್ಯಾಗ ನಾ ಎದ್ದು ಹ್ವಾದ್ರ ಫ್ಯಾನು ಆರಸ್ತಾರ, ಅಷ್ಟ. ಹುಲಿಗಿ ಮನ್ಯಾಗ ನಾ ಒಂದಿನ ಮಲಗಿದ್ರ ಬೆಳ್ಳುಳ್ಳಿ ಹಂಗ ಉಳೀತೈತಿ. ಆಕಿ ಒದರ್ತಾಳ. ಒದರ್ಲಿ. ನಾ ಅದೀನಿ ಅಂತ ಗೊತ್ತಾಗತೈತಿ.’

ನನಗೆ ಅಳು ಬಂತು. ಗುಡಿಗೆ ಬಂದ ಜನರ ಮುಂದೆ ಅಳಬಾರದೆಂದು ಎದ್ದು ಚಪ್ಪಲಿ ಹುಡುಕಿದೆ. ಸಮನಾಗಿ ಹಂಚಿದೆ ಎಂದು ಎಂಟು ವರ್ಷ ಬೀಗಿದ್ದೆ. ಹಂಚಿದ್ದು ಯಾರನ್ನು ಎಂದು ಒಂದು ದಿನವಾದರೂ ಯೋಚಿಸಿದ್ದೆನೇ?

ಬಸವರಾಜನಿಗೆ ಹೇಳುವುದು ಸುಲಭವಾಗಲಿಲ್ಲ. ‘ನಾವೇನು ಕಮ್ಮಿ ಮಾಡೀವಿ ಅಕ್ಕಾ? ಮಂದಿ ನನಗ ಉಗುಳ್ತಾರ, ಮಾಸ್ತರ ಅವ್ವನ್ನ ಇಟ್ಕೊಳ್ಳಲಿಲ್ಲ ಅಂತ’ ಅಂದ. ಅವನ ಕಣ್ಣೂ ತುಂಬಿತ್ತು. ‘ನೀ ಏನೂ ಕಮ್ಮಿ ಮಾಡಿಲ್ಲಪ್ಪಾ. ಐತವಾರ ಐತವಾರ ಹೋಗಿ ಮಾತಾಡ್ಸಿ ಬಾ. ಹೋದಾಗ ಸುಮ್ಮ ಕುಂದ್ರಬ್ಯಾಡ, ಬೆಳ್ಳುಳ್ಳಿ ಸುಲಿ’ ಅಂದೆ. ಟ್ರಂಕನ್ನು ಅವನೇ ಬಸ್ಸಿಗೆ ಏರಿಸಿದ.

ಮತ್ತೆ ಅದೇ ತೆಕ್ಕಲಕೋಟೆ, ಅದೇ ಕಾಯುವಿಕೆ, ಅದೇ ಬಿಸಿಲು. ಸುಸ್ತಿಗೆ ನಾನು ಅವ್ವನ ಹೆಗಲಿಗೆ ಒರಗಿ ನಿದ್ದೆಹೋದೆ. ಸಿರುಗುಪ್ಪ ಬಂದಾಗ ಅವಳೇ ಮೊಣಕೈಯಿಂದ ತಿವಿದು ಎಬ್ಬಿಸಿದಳು.

ಹುಲಿಗೆಮ್ಮ ಬಾಗಿಲಲ್ಲಿ ನಿಂತು ಇಬ್ಬರನ್ನೂ, ಟ್ರಂಕನ್ನೂ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮರುಕ್ಷಣವೇ ಬಾಯಿ ತೆರೆದಳು: ‘ಎಲ್ಲಿ ಹಾಳಾಗಿ ಹೋಗಿದ್ದಿ ಅತ್ತಿ? ಎರಡು ದಿನದ ಬೆಳ್ಳುಳ್ಳಿ ಹಂಗ ಬಿದ್ದೈತಿ. ಆ ಖಾದರಬಿ ಒಬ್ಬಾಕಿ ಎಷ್ಟಂತ ಸುಲೀತಾಳ?’

ನಾನು ಡಾಕ್ಟರಮ್ಮನ ಗುಳಿಗೆಗಳನ್ನು ಆಕೆಯ ಕೈಗೆ ಕೊಟ್ಟೆ, ಒಂದು ದಿನವೂ ತಪ್ಪಿಸಬಾರದು ಅಂದೆ. ‘ಬಾಯಿ ತೆಗೆಸಿ ಹಾಕ್ತೀನಿ ತಗೋ’ ಅಂದಳು. ಅದರಲ್ಲಿ ನನಗೆ ಅನುಮಾನವಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ತಿಂಗಳಿಗೊಮ್ಮೆ ಡಾಕ್ಟರಮ್ಮನಿಗೆ ತೋರಿಸಲು ನಾನೇ ಬರಬೇಕು, ಮತ್ತೆ ಇದೇ ಬಸ್ಸು.

ಸಂಜೆ ಐದರ ಬಳ್ಳಾರಿ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿದ್ದಾಗ ಅವ್ವ ಹಿಂದಿನಿಂದ ಕೂಗಿದಳು. ನಿಧಾನವಾಗಿ ನಡೆದು ಬಂದು, ನಾಲ್ಕಾಗಿ ಮಡಚಿದ ನೀಲಿ ಚೀಲವನ್ನು ನನ್ನ ಕೈಗಿಟ್ಟಳು.

‘ಇದನ್ನ ನೀ ಒಯ್ಯಿ. ಇಲ್ಲಿದ್ರ ಮತ್ತ ಯಾರರ ತುಂಬ್ತಾರ.’

ಬಸ್ಸಿನಲ್ಲಿ ಈ ಸಲ ಸೀಟು ಸಿಕ್ಕಿತು. ಕಂಡಕ್ಟರು ಸೊನ್ನೆ ಟಿಕೆಟು ಕೊಟ್ಟು, ‘ಲಗೇಜು ಏನೈತಮ್ಮಾ?’ ಎಂದು ಕೇಳಿದ. ತೊಡೆಯ ಮೇಲಿದ್ದ ಚೀಲವನ್ನು ಬಿಡಿಸಿ ತೋರಿಸಿದೆ. ಒಳಗೆ ಏನೂ ಇರಲಿಲ್ಲ.