ಅವ್ವ ಎಂಬ ಮಾಧ್ಯಮ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಕಾಲೇಜೊಂದರಲ್ಲಿ ನಾನು ಸಂವಹನ ಕಲಿಸುತ್ತೇನೆ. ಹೇಳುವವರು, ಕೇಳುವವರು, ಸಂದೇಶ, ಮಾಧ್ಯಮ, ಪ್ರತಿಕ್ರಿಯೆ ಎಂದು ಬೋರ್ಡಿನ ತುಂಬ ಬಾಣ ಎಳೆದು, ಸಂದೇಶ ಚಿಕ್ಕದಾಗಿರಬೇಕು, ಸ್ಪಷ್ಟವಾಗಿರಬೇಕು ಎಂದು ಪ್ರತಿ ವರ್ಷ ಭಾಷಣ ಬಿಗಿಯುತ್ತೇನೆ. ಇಷ್ಟೆಲ್ಲ ತಿಳಿದ ನನ್ನ ಜೊತೆ ಹೆತ್ತ ಅಪ್ಪ ಎಂಟು ತಿಂಗಳು ಮಾತು ಬಿಟ್ಟಿದ್ದ.

ತಪ್ಪು ನನ್ನ ವಿದ್ಯೆಯದೇ. ನನ್ನನ್ನು ನೋಡಲು ನಿಲಂಗಾದಿಂದ ಬಂದವರು ಚೂಡಾ ತಿಂದು, ಚಹಾ ಕುಡಿದು ಹೋದರು. ಹುಡುಗ ನನಗೆ ಹಿಡಿಸಲಿಲ್ಲ. ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ: ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ತಿಳಸ್ತೀವ್ರಿ' ಎಂದು ಸುಮ್ಮನಾಗುತ್ತಾರೆ. ತಿಂಗಳು ಕಳೆದರೆ ಆ ಕಡೆಯವರು ತಾವೇ ಅರ್ಥ ಮಾಡಿಕೊಂಡು, ಮುಂದೆ ಯಾರದೋ ಮದುವೆಯಲ್ಲಿ ಸಿಕ್ಕಾಗ ನಗುನಗುತ್ತ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ನಾನೋ ಸಂವಹನದ ಪಂಡಿತೆ! ನೇರ ಹುಡುಗನ ತಂದೆಗೇ ಫೋನ್ ಮಾಡಿ, 'ನನಗ ಒಪ್ಪಿಗಿ ಇಲ್ರಿ' ಎಂದೆ. ಚಿಕ್ಕದು, ಸ್ಪಷ್ಟ. ಪ್ರತಿಕ್ರಿಯೆಯೂ ತಡವಾಗಲಿಲ್ಲ. ಅರ್ಧ ಗಂಟೆಯೊಳಗೆ ಅವರು ಫೋನಿನಲ್ಲೇ ಅಪ್ಪನ ಮಾನ ಹರಾಜು ಹಾಕಿದರು.

ಅಂದಿನಿಂದ ಅವ್ವನೇ ನಮ್ಮ ಮಾಧ್ಯಮ. ಒಂದೇ ಪಡಸಾಲೆಯಲ್ಲಿ, ನನ್ನಿಂದ ಎರಡು ಮೊಳ ದೂರ ಕೂತು, 'ಆಕಿಗಿ ಹೇಳು, ಫ್ಯಾನ್ ಬಂದ್ ಮಾಡಂತ' ಎನ್ನುತ್ತಿದ್ದ ಅಪ್ಪ. ಅವ್ವ ರೊಟ್ಟಿ ಬಡಿಯುತ್ತಲೇ, ಇಬ್ಬರಿಗೂ ಸೇರಿಸಿ ನಾಲ್ಕು ಬೈದು, ಆ ಮಾತನ್ನು ನನಗೆ ಮುಟ್ಟಿಸುತ್ತಿದ್ದಳು. ಸಂದೇಶದ ನಡುವೆ ಹೀಗೆ ಸೇರಿಕೊಳ್ಳುವ ಬೈಗುಳಕ್ಕೆ ನಮ್ಮ ಪಾಠದಲ್ಲಿ ಗದ್ದಲ ಎಂದು ಹೆಸರು.

ಹೀಗಿರುವಾಗ ಉದಗೀರಿನ ಚಿಕ್ಕವ್ವ ಕಾಲು ಮುರಿದುಕೊಂಡಳು. ಅವ್ವ ಬಸ್ಸು ಹತ್ತಿದಳು. ಮಾಧ್ಯಮವೇ ಕಡಿದುಹೋಯಿತು. ಎರಡು ದಿನ ಅಪ್ಪ 'ಸಾರಿಗಿ ಉಪ್ಪಿಲ್ಲ' ಎಂದು ಗೋಡೆಗೆ ಹೇಳಿದ. ನಾನು ಒಳಗೊಳಗೇ ನಕ್ಕೆ.

ಮೂರನೆಯ ದಿನ ನಾನು ಜ್ವರ ಬಂದು ಮಲಗಿದೆ. ಅಪ್ಪ ಕಪ್ಪು ಹಿಡಿದು ಬಾಗಿಲಲ್ಲಿ ನಿಂತ. ಆಮೇಲೆ ಮರಾಠಿಯಲ್ಲಿ, 'ಚಹಾ ಘೇತಾ ಕಾ?' ಎಂದ. ಚಹಾ ತೊಗೋತೀರಾ ಎಂದು. ನಮ್ಮ ಮನೆಯಲ್ಲಿ ಮರಾಠಿ ಎಂದರೆ ಬಜಾರದ ಮಾತು, ಗುರುತಿಲ್ಲದವರ ಜೊತೆ ಆಡುವ ಮಾತು. ಮಗಳ ಜೊತೆ ಮಾತಾಡುವುದಿಲ್ಲ ಎಂಬ ಹಟ ಮುರಿಯಬಾರದು, ಚಹಾವೂ ಆರಬಾರದು. ಅದಕ್ಕೆ ನನ್ನನ್ನು ಯಾರೋ ಹೊರಗಿನವಳನ್ನಾಗಿ ಮಾಡಿಕೊಂಡಿದ್ದ.

ನಾನೂ ಮರಾಠಿಯಲ್ಲೇ, 'ಘೇತೆ. ಬಸಾ ನಾ' ಎಂದೆ, ಮನೆಗೆ ಬಂದ ಅತಿಥಿಯನ್ನು ಕೂರಿಸುವಂತೆ.

ಕೂತ. ಕಪ್ಪು ಕೊಡುವಾಗ ಕೈ ತಗಲಿತು. ಗಾಬರಿಯಾಗಿ ಹಣೆ ಮುಟ್ಟಿ ನೋಡಿದ.

'ಎಷ್ಟ ಸುಡ್ಲಕತ್ತದ! ಬಾಯಿಬಿಟ್ಟು ಹೇಳ್ಲಕ ಏನಾಗಿತ್ತು ನಿನಗ?'