ಅ ಬಾರದವಳನ್ನು ಹುಡುಕುತ್ತ

ತಮ್ಮನ ಮಗಳಿಗೆ ನಾಲ್ಕು ವರ್ಷ ತುಂಬಿ ಮೇಲೆ ಕೆಲವು ತಿಂಗಳಾಗಿದ್ದೇ ತಡ, ನಮ್ಮ ಅಮ್ಮ ಒಬ್ಬ ಹೆಂಗಸನ್ನು ಹುಡುಕಲು ಶುರುಮಾಡಿದಳು. ಮೊದಲು ಗಂಗಾವತಿಯ ನಮ್ಮ ಓಣಿಯಲ್ಲಿ, ಅಲ್ಲಿ ಸಿಗದೆ ಪಕ್ಕದ ಓಣಿಗಳಲ್ಲಿ, ಕೊನೆಗೆ ಫೋನು ಹಿಡಿದು ಇಡೀ ಬಳಗದಲ್ಲಿ. ಆಕೆಗೆ ಬೇಕಾಗಿದ್ದು ಇಷ್ಟೇ, ಕನ್ನಡದ ಅ ಬರೆಯಲು ಬಾರದ ಒಬ್ಬ ಹೆಂಗಸು.

ಇದು ತಮಾಷೆ ಅನಿಸಬಹುದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ದಖನಿ ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ ಈ ವಯಸ್ಸಾದಾಗ ಬಿಸ್ಮಿಲ್ಲಾ ಮಾಡಿಸುತ್ತಾರೆ. ಅದು ಅಕ್ಷರ ಕಲಿಯುವ ಮೊದಲ ದಿನ. ಹೆಣ್ಣು ಮಗುವಾದರೆ ಕೆಂಪು ಜರಿಯ ಲಂಗ, ಕೈಗೆ ಮೆಹಂದಿ, ಹಣೆಯಿಂದ ಇಳಿಬಿಟ್ಟ ಮಲ್ಲಿಗೆ ಸರ, ಎಲ್ಲ ಮದುಮಗಳದೇ ಸಿಂಗಾರ. ಹಿರಿಯರು ಕೈ ಹಿಡಿದು ಪಾಟಿಯ ಮೇಲೆ ಅರಬ್ಬಿಯ ಮೊದಲಕ್ಷರ ಅಲಿಫ್ ಬರೆಸುತ್ತಾರೆ, ಲಾಡು ಹಂಚುತ್ತಾರೆ. ಇಷ್ಟು ಎಲ್ಲರ ಮನೆಯದು. ನಮ್ಮ ಮನೆಯಲ್ಲಿ ಇದಕ್ಕೊಂದು ಬಾಲ ಇದೆ. ಅದನ್ನು ಕಟ್ಟಿದವಳು ನಮ್ಮ ಅಜ್ಜಿ, ಅಪ್ಪನ ಅವ್ವ.

ನಿಜಾಮನ ಕಾಲದಲ್ಲಿ ಇಲ್ಲಿಯ ಸಾಲಿಗಳಲ್ಲಿ ಉರ್ದುವಿನದೇ ದರ್ಬಾರು. ನಮ್ಮ ಅಜ್ಜ ಅದರಲ್ಲಿ ಗಟ್ಟಿಗ. ಆ ರಾಜ್ಯ ಹೋಗಿ ಕಚೇರಿಯ ಕಾಗದಗಳು ಕನ್ನಡದಲ್ಲಿ ಬರತೊಡಗಿದ ಮೇಲೆ, ಅಷ್ಟು ಓದಿದ ಮನುಷ್ಯ ಕಾಗದ ಹಿಡಿದುಕೊಂಡು ಪಕ್ಕದ ಮನೆಯ ಲಿಂಗಾಯತ ಮಾಸ್ತರರ ಕಟ್ಟೆಯ ಮೇಲೆ ಕಾಯುತ್ತ ಕೂರಬೇಕಾಯಿತು. ಅಜ್ಜಿಗೆ ಇದನ್ನು ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಮಾಸ್ತರರ ಹೆಂಡತಿಯ ಜೊತೆ ಅಕ್ಕಿ ಹಸನು ಮಾಡುತ್ತ ಕೂತಿದ್ದಾಗ, ನಿಮ್ಮ ಅಕ್ಷರ ಹೆಂಗಿರ್ತಾವ ತೋರಸು ಎಂದಳಂತೆ. ಆಕೆ ಮೊರದಲ್ಲಿದ್ದ ಅಕ್ಕಿಯನ್ನೇ ಹರವಿ, ಅಜ್ಜಿಯ ಬೆರಳು ಹಿಡಿದು ಅ ಬರೆಸಿದಳು. ಇದಕ್ಕೆ ನಾನೇನು ಕೊಡಲಿ ಎಂದು ಕೇಳಿದರೆ, "ಇನ್ನೊಬ್ಬಾಕಿಗೆ ಬರಸು, ಮುಗೀತು" ಅಂದಳಂತೆ.

ಅಂದಿನಿಂದ ನಮ್ಮ ಮನೆಯ ಬಿಸ್ಮಿಲ್ಲಾದಲ್ಲಿ ಪಾಟಿಯ ಮೇಲೆ ಅಲಿಫ್ ಆದ ಕೂಡಲೇ ಪರಾತ ಎಂಬ ಅಗಲ ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಅ. ಅದನ್ನು ಬರೆಸುವ ಹಕ್ಕು ಪಕ್ಕದ ಮನೆಯವರದು. ಆಮೇಲೆ ಆ ಕೂಸು, ಲಾಡು ಮುಟ್ಟುವ ಮೊದಲು, ಅ ಬಾರದ ಒಬ್ಬ ಹೆಂಗಸಿನ ಬೆರಳು ಹಿಡಿದು ಬರೆಸಬೇಕು. ಅಷ್ಟಾದ ಮೇಲೆ ಅದೇ ಅಕ್ಕಿಯ ಸಿಹಿ ಅನ್ನ ಮಾಡಿ ಎಲ್ಲರೂ ಉಣ್ಣುವುದು. ನನ್ನ ಸರದಿಯಲ್ಲಿ ಹೇಮಗುಡ್ಡದ ಕಡೆಯಿಂದ ಮೊಸರು ಮಾರಲು ಬರುತ್ತಿದ್ದ ಅವ್ವ ಸಿಕ್ಕಿದ್ದಳು. ಬರೆದಾದ ಮೇಲೆ ಆಕೆ ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡದ್ದು ಮಸುಕಾಗಿ ನೆನಪಿದೆ. ಆಗ ಅಂಥವರಿಗೇನೂ ಬರವಿರಲಿಲ್ಲ.

ಈಗ ನೋಡಿದರೆ ಓಣಿಯಲ್ಲಿ ಒಬ್ಬಳೂ ಇಲ್ಲ. ಪಾತ್ರೆ ತಿಕ್ಕುವವಳು ಹತ್ತನೇ ಪಾಸು. ತರಕಾರಿಯವಳು ಫೋನಿನಲ್ಲಿ ಕನ್ನಡ ಟೈಪು ಮಾಡುತ್ತಾಳೆ. ಇರಕಲ್ಲಗಡದಲ್ಲಿ ಒಬ್ಬ ಮುದುಕಿ ಇದ್ದಾಳೆಂದು ಸುದ್ದಿ ಬಂತು, ಆಕೆಗೂ ಮೊಮ್ಮಗಳು ಕಲಿಸಿಬಿಟ್ಟಿದ್ದಳು. ಕೊನೆಗೆ ಅಮ್ಮ ತನ್ನ ಅಕ್ಕನಿಗೆ, ಮಂಗಳೂರಿನ ನಮ್ಮ ಖಾಲಾಗೆ ಫೋನು ಹಚ್ಚಿದಳು. ಮಂಗಳೂರು ಅಂದ ಕೂಡಲೇ ಯಾರೂ ಸಮುದ್ರ ನೆನಸಿಕೊಳ್ಳಬೇಡಿ, ಇದು ಯಲಬುರ್ಗಾ ಕಡೆಯ ನಮ್ಮ ಮಂಗಳೂರು.

"ಏನಂದಿ? ನಾ ಮಹಿಳಾ ಸಂಘದ ಅಧ್ಯಕ್ಷಿ ಅದೀನಿ. ಬ್ಯಾಂಕಿನ್ಯಾಗ ಸಹಿ ಮಾಡ್ತೀನಿ. ಹೆಬ್ಬೆಟ್ಟು ಒತ್ತಾಕಿ ಅಂತ ತಿಳಕೊಂಡೀಯೇನ?" ಎಂದು ಖಾಲಾ ಫೋನು ಕುಕ್ಕಿದವಳು ಕೆಲವು ದಿನ ಎತ್ತಲೇ ಇಲ್ಲ.

ನಾನು ಕುಷ್ಟಗಿಯಲ್ಲಿ ಹೈಸ್ಕೂಲು ಮಾಸ್ತರ್ತಿ. ರಜೆಗೆ ಬಂದಾಗ ಇದೆಲ್ಲ ಕೇಳಿ ಹೊಟ್ಟೆ ತುಂಬ ನಕ್ಕೆ. ಕಲಿಯದವರೇ ಸಿಗುತ್ತಿಲ್ಲ ಅಂದರೆ ಅಜ್ಜಿ ಗೆದ್ದಳಲ್ಲ, ಇನ್ನೇನು ಬೇಕು ಎಂದೆ. ಅಮ್ಮ ನಗಲಿಲ್ಲ.

"ಅದೆಲ್ಲ ನಿನ್ನ ಸಾಲ್ಯಾಗ ಹೇಳ್ಕೊ. ನಮ್ಮ ಅತ್ತಿ ಹಾಕಿದ ಪದ್ಧತಿ ನನ್ನ ಕೈಯಾಗ ಮುರೀಬಾರ್ದು. ಕೂಸು ಯಾರ ಕೈ ಹಿಡೀಬೇಕು, ಅದನ್ನ ಹೇಳು."

ಆಕೆಯ ಕಣ್ಣು ತುಂಬಿದ್ದನ್ನು ನೋಡಿ ನನ್ನ ನಗು ನಿಂತಿತು. ಅತ್ತೆ ಅಂದರೆ ಆಕೆಗೆ ಅಷ್ಟು ಜೀವ. ಕೊನೆಗೆ ಉಪಾಯ ಹೇಳಿದವರು ಪಕ್ಕದ ಮನೆಯವರೇ. ಈಗ ಅಲ್ಲಿರುವವರು ಹಳೆಯ ಮಾಸ್ತರರ ಮಗ, ಅವರೂ ನಿವೃತ್ತ ಮಾಸ್ತರರು, ಎಪ್ಪತ್ತು ದಾಟಿದವರು. ನಾವು ಅಕ್ಕಾರು ಎಂದು ಕರೆಯುವ ಅವರ ಹೆಂಡತಿ, "ನನಗ ಅ ಬರಂಗಿಲ್ಲ ಅಂತ ಸುಳ್ಳ ಹೇಳ್ತೀನಿ ಬಿಡ್ರಿ" ಅಂದರು. ಅಮ್ಮ ಒಪ್ಪಿದಳು, ಆದರೆ ಮುಖ ಅರಳಲಿಲ್ಲ.

ಇಲ್ಲಿ ಬಿಳಿ ಮೇಡಂ ಬರಬೇಕು. ನನ್ನ ತಮ್ಮ, ನದಿಯ ದಂಡೆಯ ಲಾಡ್ಜುಗಳ ಪ್ರವಾಸಿಗರಿಗೆ ಆಟೋ ಓಡಿಸುತ್ತಾನೆ. ಯುರೋಪಿನಿಂದ ಬಂದ ಒಬ್ಬ ಹೆಂಗಸು, ದೊಡ್ಡ ಓದು ಓದಿದವಳು, ನಮ್ಮ ಕಡೆಯ ಮುಸ್ಲಿಂ ಹುಡುಗಿಯರ ಶಿಕ್ಷಣದ ಮೇಲೆ ಬರೆಯುತ್ತಿದ್ದಳು. ಇವನು ಹಿಂದು ಮುಂದು ನೋಡದೆ, ನಮ್ಮ ಮನೆಯಲ್ಲಿ ಮಗಳ ಕಾರ್ಯಕ್ರಮ ಇದೆ, ಊಟಕ್ಕೆ ಬನ್ನಿ ಎಂದು ಕರೆದಿದ್ದ. ಏನು ಕಾರ್ಯಕ್ರಮ ಅಂತ ಹೇಳುವಷ್ಟು ಇಂಗ್ಲಿಷು ಅವನ ಬಳಿ ಇರಲಿಲ್ಲ.

ಅವಳು ಬರುವ ಸುದ್ದಿ ಕೇಳಿ ನನಗೆ ಮೊದಲೇ ತಲೆ ಬಿಸಿಯಾಯಿತು, ಕಾರಣ ಇದೆ. ಹಿಂದೆ ಕೊಪ್ಪಳದ ಒಂದು ತರಬೇತಿಗೆ ಬಂದಿದ್ದ ಇಂಥದೇ ಒಬ್ಬ ಅತಿಥಿ ಬಹಳ ಮರುಕದಿಂದ, ನಿಮ್ಮ ತಂದೆ ನಿಮ್ಮನ್ನು ಓದಲು ಹೇಗೆ ಬಿಟ್ಟರು ಎಂದು ಕೇಳಿದ್ದ. ಬಿಡಲಿಲ್ಲ, ಬೆತ್ತ ಹಿಡಿದು ಅಟ್ಟಿಸಿಕೊಂಡು ಹೋಗಿ ಕಳಿಸಿದರು ಎಂದೆ. ಅದು ನೂರಕ್ಕೆ ನೂರು ನಿಜ, ಸಾಲಿ ಅಂದರೆ ನನಗೆ ಆಗುತ್ತಿರಲಿಲ್ಲ. ಆದರೆ ಆತನಿಗೆ ಬೆತ್ತವಷ್ಟೇ ಕೇಳಿಸಿತು, ಮುಖ ಸಣ್ಣದು ಮಾಡಿಕೊಂಡು ಬರೆದುಕೊಂಡ. ಅವರಲ್ಲಿ ಎಷ್ಟೋ ಜನರಿಗೆ ನಮ್ಮ ಕಥೆ ಮೊದಲೇ ಗೊತ್ತಿರುತ್ತದೆ. ನಾವು ಬಾಯಿ ತೆರೆಯುವ ಮೊದಲೇ ಅದು ಬಂದು ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ನಿಮ್ಮ ಆಲ್ಜೀಬ್ರಾ ಎಂಬ ಹೆಸರೇ ಅರಬ್ಬಿಯಿಂದ ಬಂದದ್ದು ಎಂದು ವಾದಿಸಬಹುದು, ನಾನು ವಾದಿಸಿದ್ದೂ ಉಂಟು. ಗೆದ್ದು ಮನೆಗೆ ಬಂದರೂ ಯಾಕೋ ಸೋತ ಹಾಗೇ ಅನಿಸುತ್ತದೆ. ನಾನು ಮನುಷ್ಯಳು ಅನ್ನುವುದಕ್ಕೆ ಹಳೆಯ ಗಣಿತಜ್ಞರ ಸಾಕ್ಷಿ ಯಾಕೆ ಬೇಕು?

ಆ ಭಾನುವಾರ ಮೇಡಂ ಬಂದಳು. ಬಿಸಿಲಿಗೆ ಕೆಂಪಗಾದ ಮುಖ, ತಲೆಗೆ ಬಿಗಿಯಾಗಿ ಸುತ್ತಿದ ಓಢಣಿ. ನಮ್ಮ ಮನೆಗೆ ಹಾಗೇ ಬರಬೇಕೆಂದು ಎಲ್ಲೋ ಓದಿದ್ದಳಂತೆ. "ಇಂಥಾ ಸೆಕಿಯಾಗ ತಲಿಗೆ ಯಾಕ ಸುತಗೊಂಡಾಳ, ತಗದಿಟ್ಟು ಆರಾಮ ಕೂಡ್ರು ಅಂತ ಹೇಳು" ಎಂದು ಅಮ್ಮ ಪಂಖ ಅವಳ ಕಡೆ ತಿರುಗಿಸಿದಳು. ನಾನು ಅಡಿಗೆಮನೆಯತ್ತ ಹೊರಟಿದ್ದೆ, ಹೇಳುವಷ್ಟು ಪುರಸೊತ್ತಿರಲಿಲ್ಲ.

ನಡುಮನೆಯಲ್ಲಿ ಕೂಸು ಮಣೆಯ ಮೇಲೆ ಕೂತಿತ್ತು, ಕೆಂಪು ಲಂಗ, ಮೆಹಂದಿ, ಮಲ್ಲಿಗೆಯ ಮರೆಯಲ್ಲಿ ಅರ್ಧ ಮುಖ. ಎದುರಿಗೆ ಮಾಸ್ತರರು. ಅ ಬರೆಸುವ ಹಿರಿಯರು ಅವರೇ ಆದ್ದರಿಂದ ನನ್ನ ತಮ್ಮ ಅವರಿಗೆ ಶಾಲು ಹೊದಿಸಿ, ಗುಲಾಬಿಯ ದೊಡ್ಡ ಹಾರ ಹಾಕಿದ್ದ. ಹೆಂಗಸರು ಹಾಡುತ್ತಿದ್ದರು. ನಾನು ಅಕ್ಕಿಯ ಪರಾತ ಹಿಡಿದು ಹೊರಗೆ ಬರುವಷ್ಟರಲ್ಲಿ ಮಣೆ ಖಾಲಿ. ಮೇಡಂ ಕೂಸನ್ನು ಎತ್ತಿ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಫೋನು. ಕೈ ನಡುಗುತ್ತಿತ್ತು. ಈ ಮದುವೆ ನಡೆಯಲು ನಾನು ಬಿಡುವುದಿಲ್ಲ, ಪೊಲೀಸರನ್ನು ಕರೆಯುತ್ತೇನೆ, ಆ ಮುದುಕನನ್ನು ದೂರ ಕಳಿಸಿ ಎಂದು ಇಂಗ್ಲಿಷಿನಲ್ಲಿ ಕೂಗಿದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಪಿತ್ತ ನೆತ್ತಿಗೇರಿತು. ಅಕ್ಷರ ಕಲಿಸುವ ಮಣೆಯನ್ನು ಹಸೆಮಣೆ ಮಾಡಿಬಿಟ್ಟಳಲ್ಲ. ಬೇರೆ ಯಾರದೋ ಮನೆಯಾಗಿದ್ದರೆ, ಇದೇನೆಂದು ಮೊದಲು ಕೇಳುತ್ತಿರಲಿಲ್ಲವೇ? ಅದನ್ನೇ ಅವಳ ಮುಖಕ್ಕೆ ಕೇಳಿದೆ, ಇಂಗ್ಲಿಷಿನಲ್ಲಿ ನನಗೆ ಬರುವ ಗಡಸು ಮಾತೆಲ್ಲ ಅವತ್ತು ಖರ್ಚಾಯಿತು. ಇದು ಅವಳ ಮೊದಲ ಅಕ್ಷರದ ದಿನ, ಅವರು ಕನ್ನಡ ಮಾಸ್ತರರು ಎಂದೆ. ಮೇಡಮ್ಮಿನ ಕೆಂಪು ಮುಖ ಸುಣ್ಣದ ಹಾಗಾಯಿತು.

"ಏನ ಅನ್ನಾಕತ್ಯಾಳ?" ಎಂದಳು ಅಮ್ಮ. ಹೇಳಿದೆ. ಮಾಸ್ತರರು ಹಾರ ಮುಟ್ಟಿ ನೋಡಿಕೊಂಡರು. ಮೊದಲು ನಗು ಬಿಟ್ಟವರು ಅವರ ಹೆಂಡತಿ.

"ಈ ಮುದುಕಗ ಇನ್ನೊಂದು ಲಗ್ನಾನ? ಇದ್ದೊಬ್ಬಾಕಿನ್ನ ಸಂಭಾಳಸಾಕ ಆಗವಲ್ದು. ಹುಡುಗಿಗೆ ಕೇಳ್ರಿ, ಆಕಿ ಒಪ್ಪತಾಳೇನಂತ."

ಅಲ್ಲಿಗೆ ಕಟ್ಟೆ ಒಡೆಯಿತು. ಹೆಂಗಸರು ಗೋಡೆ ಹಿಡಿದು ನಕ್ಕರು, ತಮ್ಮ ನೆಲದ ಮೇಲೆ ಕೂತೇಬಿಟ್ಟ, ಮಾಸ್ತರರು ಶಾಲಿನಿಂದ ಕಣ್ಣೊರೆಸಿಕೊಂಡರು. ಮೇಡಂ ಮಾತ್ರ ಅಳುತ್ತಿದ್ದಳು. ಅವಳ ಕಂಕುಳಲ್ಲಿದ್ದ ಕೂಸು ಓಢಣಿಯಿಂದ ಜಾರಿ ಹೊರಬಂದಿದ್ದ ಅವಳ ಬಂಗಾರದ ಬಣ್ಣದ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಆಟವಾಡುತ್ತಿತ್ತು.

ನಾನು ಇನ್ನೂ ಕುದಿಯುತ್ತಿದ್ದೆ. ಅಮ್ಮ ಒಂದು ಲೋಟ ನೀರು ಹಿಡಿದು ನನ್ನನ್ನು ದಾಟಿ ಹೋದಳು. "ಬೈಬ್ಯಾಡ ಆಕಿನ್ನ. ತಪ್ಪು ತಿಳಕೊಂಡಾಳ ಖರೆ. ಆದರ ಗುರ್ತಿಲ್ಲದ ಊರಾಗ, ನಮ್ಮ ಕೂಸಿನ ಸಲುವಾಗಿ ಒಬ್ಬಾಕೀನ ಇಷ್ಟು ಮಂದಿ ಎದುರು ನಿಂತ್ಲು" ಎಂದಳು. ಒಂಬತ್ತನೇ ತರಗತಿಯ ನನ್ನ ಒಬ್ಬ ವಿದ್ಯಾರ್ಥಿನಿಯ ಮದುವೆ ನಿಲ್ಲಿಸಲು ನಾನೇ ಒಮ್ಮೆ ಹೀಗೆ ಬಾಗಿಲಲ್ಲಿ ನಿಂತವಳು. ಆ ಮನೆ ನಮ್ಮವರದಲ್ಲ, ನಮ್ಮವರದಾಗಿದ್ದರೂ ನಿಲ್ಲುತ್ತಿದ್ದೆ. ಈ ಹೆಂಗಸಿನ ತಲೆಯಲ್ಲಿದ್ದ ಕಥೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವಳ ನಡುಗುವ ಕೈಯ ಮೇಲೆ ಇಲ್ಲ.

ಕಾರ್ಯ ಮುಂದುವರಿಯಿತು. ಅಮ್ಮ ಪಾಟಿಯ ಮೇಲೆ ಅಲಿಫ್ ಬರೆಸಿದಳು. ಮಾಸ್ತರರು ಹಾರ ತೆಗೆದಿಟ್ಟು, ಅಕ್ಕಿಯಲ್ಲಿ ಅ ಬರೆಸಿದರು. ಈಗ ಅಕ್ಕಾರು ಮುಂದೆ ಬಂದು ಕೂತು, ಅಮಾಯಕಿಯ ಮುಖ ಮಾಡಿ ಬೆರಳು ಚಾಚಿದರು. ಕೂಸು ಅವರನ್ನು ಮೇಲಿಂದ ಕೆಳಗೆ ನೋಡಿತು.

"ನಿಮಗ ಬರ್ತೈತಿ. ನೀವು ದಿನಾ ಪೇಪರ್ ಓದ್ತೀರಿ" ಎಂದು ಕೈ ಹಿಂದೆ ಕಟ್ಟಿಕೊಂಡಿತು.

ಯಾರು ಎಷ್ಟು ರಮಿಸಿದರೂ ಜಗ್ಗಲಿಲ್ಲ. ಅಮ್ಮನ ಮುಖ ಬಾಡಿತು, ಸೆರಗಿನ ತುದಿಯನ್ನು ಹಿಂಡುತ್ತ ಕೂತಳು. ಆಗ ಮೇಡಂ ಹಿಂದಿನಿಂದ ಮೆಲ್ಲಗೆ, ಅಕ್ಕಿಯಲ್ಲಿ ಬರೆದದ್ದು ಏನು ಎಂದು ನನ್ನನ್ನು ಕೇಳಿದಳು. ನಾನು ಅವಳನ್ನೇ ನೋಡಿದೆ. ಅಷ್ಟು ಓದಿದವಳಿಗೆ ಅ ಬರುವುದಿಲ್ಲ ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಕೊಪ್ಪಳ ಜಿಲ್ಲೆಯಲ್ಲೆಲ್ಲ ಹುಡುಕಿದ್ದ ಹೆಂಗಸು ನಮ್ಮ ಪಂಖದ ಎದುರಿಗೇ ಕೂತಿದ್ದಳು.

"ಅಮ್ಮಾ, ಈಕಿಗೆ ಅ ಬರಂಗಿಲ್ಲ" ಎಂದೆ.

ಅಮ್ಮ ಎದ್ದ ರೀತಿ ನೋಡಬೇಕಿತ್ತು, ಮೊಣಕಾಲು ನೋವು ಎಲ್ಲಿ ಹೋಯಿತೋ. ಪದ್ಧತಿಯನ್ನು ನಾನು ಎರಡು ಮಾತಿನಲ್ಲಿ ತಿಳಿಸಿದೆ. ಮೇಡಂ ಓಢಣಿ ತೆಗೆದಿಟ್ಟು ನೆಲದ ಮೇಲೆ ಕೂತಳು. ಕೂಸು ತನ್ನ ಮಲ್ಲಿಗೆ ಸರ ಬಿಚ್ಚಿ ಅವಳ ತಲೆಗೇರಿಸಿ, ಆ ಉದ್ದನೆಯ ಬೆರಳನ್ನು ಪುಟ್ಟ ಮುಷ್ಟಿಯಲ್ಲಿ ಹಿಡಿದು ಎಳೆಯಿತು. ಅ ಸೊಟ್ಟಗಾಯಿತು. "ಛಲೋ ಆಗಿಲ್ಲ, ಇನ್ನೊಮ್ಮಿ" ಎಂದು ಅಕ್ಕಿ ಸವರಿ ಮತ್ತೆ ಬರೆಸಿತು. ಅದಕ್ಕೆ ಈ ಗತ್ತು ನನ್ನಿಂದಲೇ ಬಂದದ್ದು ಎಂದು ತಮ್ಮ ಇಂದಿಗೂ ಆಡಿಕೊಳ್ಳುತ್ತಾನೆ. ಬರೆದಾದ ಮೇಲೆ ಮೇಡಂ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನನಗೆ ಮೊಸರಿನ ಅವ್ವ ನೆನಪಾದಳು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಅಷ್ಟರಲ್ಲಿ ಅಮ್ಮ ಸೆರಗು ಸರಿ ಮಾಡಿಕೊಂಡು ಮೇಡಮ್ಮಿನ ಎದುರಿಗೆ ಬಂದು ಕೂತಳು.

"ಬರಸ್ಕೊಂಡಾಕಿ ಇನ್ನೊಬ್ಬಾಕಿಗೆ ಬರಸಬೇಕು. ಆಕಿ ಭಾಷಾದ ಮೊದಲನೇ ಅಕ್ಷರ ನನಗ ಬರಂಗಿಲ್ಲ. ಬರಸಂತ ಹೇಳು" ಎಂದು ಬೆರಳು ಮುಂದೆ ಮಾಡಿದಳು.

ನಮ್ಮ ಅಮ್ಮ ಮಾತ್ರೆಗಳ ಮೇಲಿನ ಇಂಗ್ಲಿಷ್ ಹೆಸರು ಓದಿ ಬೆಳಗಿನದು ಬೇರೆ, ಸಂಜೆಯದು ಬೇರೆ ಮಾಡಿ ಇಡುವವಳು. ನಾನು ತುಟಿ ಬಿಗಿಹಿಡಿದು ಅನುವಾದ ಮಾಡಿದೆ. ಮೇಡಂ ಎರಡೂ ಕೈಯಲ್ಲಿ ಅಮ್ಮನ ಬೆರಳು ಹಿಡಿದು, ಉಸಿರು ಕಟ್ಟಿಕೊಂಡು, ಅಕ್ಕಿಯ ಮೇಲೆ ಎರಡು ಓರೆ ಗೆರೆ ಎಳೆಸಿ ನಡುವೆ ಒಂದು ಅಡ್ಡ ಗೆರೆ ಹಾಕಿಸಿದಳು. ಅಮ್ಮ ಅದನ್ನು ಮೊದಲ ಸಲ ಕಾಣುವವಳ ಹಾಗೆ ಬಾಗಿ ನೋಡಿದಳು.

ಕೂಸು ತನ್ನ ಅಜ್ಜಿಯನ್ನು ನೋಡಿ ಹುಬ್ಬು ಗಂಟಿಕ್ಕಿತು. "ದಾದಿ, ನಿನಗ ಅದು ಬರ..." ಅನ್ನುವಷ್ಟರಲ್ಲಿ ಅಮ್ಮನ ಎಡಗೈ ತಟ್ಟೆಯಿಂದ ಲಾಡು ಎತ್ತಿ ಅದರ ಬಾಯಿಗೆ ತುಂಬಿತ್ತು.