ಎಡಗೈ ಕಲಿತ ವರ್ಷಗಳು

ನಮ್ಮ ರಾಯದುರ್ಗದ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಂಬಳ ಕೊಡುತ್ತಿದ್ದವರು ಜೀನ್ಸ್ ಹೊಲಿಸುವ ಸಾಹುಕಾರರು. ಒಂದು ಬೇಸಿಗೆಯಲ್ಲಿ ತಂಡದ ಒಳ್ಳೆಯ ಆಟಗಾರ್ತಿಯರೆಲ್ಲ ಒಟ್ಟಿಗೆ ಗಂಟುಮೂಟೆ ಕಟ್ಟಿ ದೊಡ್ಡ ಊರಿನ ತಂಡಕ್ಕೆ ಹೋಗಿಬಿಟ್ಟರು. ಉಳಿದದ್ದು ಎರಡು ಕಂಬ, ಹರಿದ ಬಲೆ ಮತ್ತು ಕೋಚ್ ಮೇಡಂ. ಹೊರಗಿನಿಂದ ಆಟಗಾರ್ತಿಯರನ್ನು ತರಿಸೋಣವೇ ಎಂದು ಸಾಹುಕಾರರು ಕೇಳಿದರೆ ಮಡಕಶಿರಾ ಕಡೆಯವರಾದ ಮೇಡಂ ಒಪ್ಪಲಿಲ್ಲ.

"ಕೊಂಡ್ಕಂಡ್ ಬಂದೋರು ನಾಳೆ ಇನ್ನೊಬ್ರಿಗೆ ಮಾರಾಟ ಆಗ್ತಾರೆ ಸ್ವಾಮಿ. ನಾನು ಇಲ್ಲಿನ ಹುಡುಗೀರ್ನೇ ಬೆಳೆಸ್ಕಂತೀನಿ. ಒಂದೆರಡು ವರ್ಷ ಸೋಲ್ತೀವಿ, ತಡ್ಕಳ್ಳಿ ಅಷ್ಟೇ."

ಹಾಗೆ ಶಾಲೆಗಳಿಂದ ಹೆಕ್ಕಿ ತಂದ ಹುಡುಗಿಯರಲ್ಲಿ ನಾನೂ ಒಬ್ಬಳು. ಒಂಬತ್ತನೇ ಕ್ಲಾಸು, ವಯಸ್ಸಿಗೆ ಮೀರಿದ ಎತ್ತರ, ಮಾತಿಗೆ ಮಾತು ಕೊಡುವ ಬಾಯಿ.

ಮೇಡಂ ನಮ್ಮ ಆಟ ನೋಡಿ ಮೊದಲು ಹೇಳಿದ್ದು, ನಮಗೆಲ್ಲ ಒಂದೇ ಕೈ ಇದೆ ಎಂದು. ಚೆಂಡು ಪುಟಿಸುವುದೂ ಬಲಗೈ, ಎಸೆಯುವುದೂ ಬಲಗೈ. ಎದುರಿನವಳು ಬಲಕ್ಕೆ ಅಡ್ಡ ನಿಂತರೆ ನಮ್ಮ ಆಟ ಮುಗಿಯಿತು. ಅದಕ್ಕೇ ಅಭ್ಯಾಸದ ಹೊತ್ತಿನಲ್ಲಿ ದುಪಟ್ಟಾದಿಂದ ನಮ್ಮ ಬಲಗೈಯನ್ನು ಸೊಂಟಕ್ಕೆ ಕಟ್ಟಿಸಿದರು. ಮನೆಯಲ್ಲೂ ಹಲ್ಲುಜ್ಜುವುದು, ತಲೆ ಬಾಚುವುದು, ಬೀಗ ತೆಗೆಯುವುದು ಎಲ್ಲ ಎಡಗೈಯಲ್ಲೇ. ಊಟಕ್ಕೆ ಮಾತ್ರ ವಿನಾಯಿತಿ. "ಅದನ್ನೂ ಹೇಳಿದ್ರೆ ನಿಮ್ಮಮ್ಮಂದ್ರು ನನ್ನ ಊರು ಬಿಡಿಸ್ತಾರೆ" ಎಂದು ನಕ್ಕರು. ಯಾರಿಗಾದರೂ ಏನಾದರೂ ಕೊಡುವಾಗ ಯಾವ ಕೈ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಚಿಕ್ಕವರಿಗೆ ನಾನು ಅಭ್ಯಾಸ ಕೊಡುವಾಗ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪನದು ಬಜಾರಿನಲ್ಲಿ ದಾರ, ಜಿಪ್ಪು, ಗುಂಡಿಗಳ ಅಂಗಡಿ. ಹಣೆ ತುಂಬ ವಿಭೂತಿ ಬಳಿದು ಗಲ್ಲಾ ಮುಂದೆ ಕೂತರೆ ಅವರ ಪಾಲಿಗೆ ಎಡಗೈ ಎಂಬುದೇ ಇರಲಿಲ್ಲ. ಬೋಣಿಯ ಹೊತ್ತಿನಲ್ಲಿ ಯಾರಾದರೂ ಎಡಗೈಯಲ್ಲಿ ನೋಟು ಚಾಚಿದರೆ "ಆ ಕೈಲೆ ಬ್ಯಾಡ್ರಿ" ಎಂದು ಮುಖ ತಿರುಗಿಸುವ ಮನುಷ್ಯ. ಅಂಥವರಿಗೆ ಒಂದು ಸಂಜೆ ಎಡಗೈಯಲ್ಲಿ ಚಹಾ ಕೊಟ್ಟೆ.

"ಯಾಕವ್ವ, ಬಲಗೈಗೆ ಏನಾಗೇತಿ?"

"ಏನೂ ಆಗಿಲ್ಲಪ್ಪ. ಮೇಡಂ ಹೇಳ್ಯಾರ."

"ಹಂಗಾದ್ರ ಅಲ್ಲಿ ಇಡು."

ಇಟ್ಟೆ. ಚಹಾ ಆರಿ ಕೆನೆ ಕಟ್ಟಿತು, ಅಪ್ಪ ಮುಟ್ಟಲಿಲ್ಲ. ಮರುದಿನವೂ ಹಾಗೆಯೇ ಕೊಟ್ಟೆ. ನಾನೂ ಅವರ ಮಗಳೇ ತಾನೆ. ಕೊನೆಗೆ ಅವ್ವ ನನ್ನ ಕೈಯಿಂದ ಲೋಟ ಕಿತ್ತುಕೊಂಡು ತನ್ನ ಬಲಗೈಯಿಂದ ಅವರಿಗೆ ಕೊಡುವುದು ರೂಢಿಯಾಯಿತು. "ಅಪ್ಪ ಮಗಳ ನಡುವ ನಾನೊಬ್ಬಾಕಿ ಸಪ್ಲೈಯರ್" ಎಂದು ಗೊಣಗುತ್ತಿದ್ದಳು.

ಒಂದು ದಿನ ಅಪ್ಪ ಮೈದಾನಕ್ಕೇ ಹೋಗಿ ಮೇಡಂ ಮುಂದೆ ನಿಂತರು. ಎರಡೂ ಕೈ ದೇವರೇ ಕೊಟ್ಟದ್ದಲ್ಲವೇ ಎಂದರು ಮೇಡಂ. "ಕಾಲೂ ದೇವ್ರೇ ಕೊಟ್ಟಾನ್ರಿ. ಕಾಲಿಲೆ ಚಾ ಕೊಟ್ರ ಕುಡೀತೀರೇನು?" ಎಂದರು ಅಪ್ಪ. ಇಷ್ಟಾದರೂ ಆಟ ಬಿಡು ಎಂದು ಅಪ್ಪ ನನಗೆ ಒಂದು ದಿನವೂ ಹೇಳಲಿಲ್ಲ; ಬೂಟು ಸವೆದರೆ ಕೇಳುವ ಮೊದಲೇ ಹೊಸದು ತಂದಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಬೂಟು ತರುವವರಿಗೆ ಮಗಳ ಕೈಯಿಂದ ಒಂದು ಲೋಟ ಈಸಿಕೊಳ್ಳಲು ಏನು ದಾಡಿ? ಒಂದೇ ಒಂದು ಸಲ ಅವರು ಆ ಕೈಯಿಂದ ಏನನ್ನಾದರೂ ಈಸಿಕೊಳ್ಳಬೇಕು ಎಂಬ ಹಟ ಹಿಡಿಯಿತು. ಗೆಲ್ಲುವುದಕ್ಕಿಂತ ಅದೇ ನನಗೆ ದೊಡ್ಡದಾಯಿತು.

ಮೇಡಂ ಹೇಳಿದಂತೆಯೇ ಸೋತೆವು. ಬಳ್ಳಾರಿಯಲ್ಲಿ ಸೋತೆವು, ಅನಂತಪುರದಲ್ಲಿ ಸೋತೆವು, ನಮ್ಮೂರಿನಲ್ಲಿ ನಮ್ಮ ಜನರ ಮುಂದೆಯೇ ಸೋತೆವು. "ಕಾಜಾ ಹೊಲಿಯಾಕ ಬರ್ರಿ, ಕೂಲಿನಾದ್ರೂ ಗಿಟ್ತೈತಿ" ಎಂದು ಜೀನ್ಸ್ ಟೈಲರುಗಳು ಕಾಡಿಸುತ್ತಿದ್ದರು. ಮೂರನೇ ವರ್ಷ ಎಡಗೈ ತಾನಾಗಿ ಚೆಂಡಿನ ಕಡೆಗೆ ಹೋಗತೊಡಗಿತು. ಮಡಕಶಿರಾದಲ್ಲಿ, ಮೇಡಂ ಅವರ ಸ್ವಂತ ಊರಿನಲ್ಲಿ, ನಮ್ಮನ್ನು ಬಿಟ್ಟುಹೋದ ಅಕ್ಕಂದಿರ ತಂಡವನ್ನೇ ಸೋಲಿಸಿದೆವು. ಬಲಕ್ಕೆ ಅಡ್ಡ ನಿಂತ ಅಕ್ಕನನ್ನು ಎಡಕ್ಕೆ ದಾಟಿ ಕೊನೆಯ ಬ್ಯಾಸ್ಕೆಟ್ ಹಾಕಿದ್ದು ನಾನು. ಮೇಡಂ ಅಂಗಳದಲ್ಲೇ ಕೂತು ಅತ್ತರು.

ವಾಪಸು ಬರುವಾಗ, ಬಸ್ಸು ಪಾವಗಡ ದಾಟುತ್ತಿದ್ದಂತೆ ಅವ್ವನ ಫೋನು ಬಂತು. ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ದಾರದ ಡಬ್ಬಿ ತೆಗೆಯಲು ಕೈಯೆತ್ತಿದ ಅಪ್ಪ ಹಾಗೆಯೇ ಕುಸಿದಿದ್ದರು. ಲಕ್ವ ಹೊಡೆದಿತ್ತು. ಬಳ್ಳಾರಿಯ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು.

ಉಳಿದದ್ದು ಎಡಗೈ. ಆ ಕೈಯಿಂದ ಅವರು ಉಣ್ಣಲಿಲ್ಲ, ವಿಭೂತಿ ಹಚ್ಚಿಕೊಳ್ಳಲಿಲ್ಲ, ನೀರಿನ ಲೋಟವನ್ನೂ ಎತ್ತಲಿಲ್ಲ. ತುತ್ತಿಗೂ ಗುಟುಕಿಗೂ ಅವ್ವನೇ ಬೇಕು. ನಾನು ಆಟ ನಿಲ್ಲಿಸಿ ಮನೆಯಲ್ಲಿ ಕೂತೆ. ಎಡಗೈ ಪಳಗಿಸುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ, ಅದನ್ನು ನನ್ನಪ್ಪನಿಗೆ ಕಲಿಸಲಾರೆನೇ ಎಂದುಕೊಂಡೆ. ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಎಷ್ಟು ಅತ್ತೆನೋ, ಎಷ್ಟು ಬೈದೆನೋ. ಹೊಟ್ಟೆಗಿಂತ ಹಟ ದೊಡ್ಡದಾಯಿತೇ ಈ ಮನುಷ್ಯನಿಗೆ ಎಂದು ಹೊಟ್ಟೆ ಉರಿಯುತ್ತಿತ್ತು.

ಅವರು ತೀರಿಕೊಳ್ಳುವ ಹಿಂದಿನ ವಾರ, ಮಧ್ಯಾಹ್ನ, ಅವ್ವ ಅಂಗಡಿಗೆ ಹೋಗಿದ್ದಳು. ಅಪ್ಪನ ತುಟಿ ಒಣಗಿತ್ತು. ಮಜ್ಜಿಗೆ ತಂದೆ. ಇನ್ನು ಇವರೊಂದಿಗೆ ಜಗಳ ಸಾಕು ಎನಿಸಿ, ನೆನಪಿಟ್ಟುಕೊಂಡು ಬಲಗೈಯಿಂದಲೇ ಚಾಚಿದೆ. ಆಗಲೂ ಈಸಿಕೊಳ್ಳಲಿಲ್ಲ.

"ಈಗೇನಪ್ಪ? ಬಲಗೈಲೇ ಕೊಡಾಕತ್ತೀನಲ್ಲ."

ಅಪ್ಪ ಕಷ್ಟಪಟ್ಟು ಒಂದೊಂದೇ ಮಾತು ಹೊರಡಿಸಿದರು. "ಮಗಳು ಕೊಟ್ಟಿದ್ದನ್ನ... ಎಡಗೈಲೆ ಈಸ್ಕಳ್ಲೇನವ್ವ?"

ಇಷ್ಟು ವರ್ಷ ಅವರು ನನ್ನ ಕೈಯನ್ನು ಹೀಗಳೆಯುತ್ತಿದ್ದಾರೆಂದೇ ತಿಳಿದಿದ್ದೆ. ಹಸಿದರೂ ಸರಿ, ನನ್ನ ಮುಂದೆ ಎಡಗೈ ಚಾಚಲಾರದೆ ಕೂತಿದ್ದರು ನನ್ನಪ್ಪ. ಕಣ್ಣೊರೆಸಿಕೊಳ್ಳಲು ಲೋಟವನ್ನು ಎಡಗೈಗೆ ದಾಟಿಸಿದೆ. ಅಪ್ಪ ಆ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಎಡಗೈಯಿಂದ ಸತ್ತ ಬಲಗೈಯ ಮಣಿಕಟ್ಟನ್ನು ಹಿಡಿದು, ಮೆಲ್ಲಗೆ ಎತ್ತಿ, ನನ್ನ ಮುಂದೆ ಚಾಚಿದರು.

ಮುದುರಿದ ಬೆರಳುಗಳನ್ನು ಬಿಡಿಸಿ ಲೋಟದ ಸುತ್ತ ಕೂರಿಸಿದೆ. ಒಂದಿಷ್ಟು ಮಜ್ಜಿಗೆ ಹಾಸಿಗೆಯ ಮೇಲೆ ಚೆಲ್ಲಿತು.

"ಬಿಡವ್ವ, ಹಿಡ್ಕಂಡೀನಿ" ಎಂದರು ಅಪ್ಪ.

ಆ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ಹೂಂ ಎಂದೆ, ಕೈ ಮಾತ್ರ ಬಿಡಲಿಲ್ಲ. ಲೋಟ ಖಾಲಿಯಾಗುವ ತನಕ ಹಾಗೆಯೇ ಹಿಡಿದುಕೊಂಡಿದ್ದೆ.